ಗುರಣ್ಣನ ಮೀಸೆಯೂ ಗಂಡಸರ ಆರೋಗ್ಯವೂ

ಇಚಲಕರಂಜಿಯ ಶಹಾಪುರದಲ್ಲಿ ಗುರಣ್ಣನ ಮನೆ ಎಲ್ಲಿ ಎಂದು ಕೇಳಿದರೆ ಮಂದಿ ಮನೆಯ ಗುರುತು ಹೇಳುವುದಿಲ್ಲ, ಮೀಸೆಯ ಗುರುತು ಹೇಳುತ್ತಾರೆ. ಪಾಪ, ಆ ಮನುಷ್ಯನಲ್ಲಿ ಹೇಳಿಕೊಳ್ಳುವಂಥದ್ದು ಬೇರೆ ಏನೂ ಇರಲಿಲ್ಲ. ಹುಡುಗನಾಗಿದ್ದಾಗ ಮಹಾಗಾಂವದಿಂದ ಬಂದು ಶಾಂತಿನಾಥ ಶೇಠರ ಪವರ್‌ಲೂಮ್ ಶೆಡ್ಡು ಸೇರಿದ. ಮೊದಲು ಕಸ ಗುಡಿಸಿದ, ಆಮೇಲೆ ಮಗ್ಗ ನಡೆಸಿದ, ಕಡೆಗೆ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಆದ. ಇದರಲ್ಲಿ ಸಾಧನೆ ಎನ್ನುವಂಥದ್ದು ಏನೂ ಇಲ್ಲ, ಅವನ ವಾರಿಗೆಯವರೆಲ್ಲ ಹೀಗೇ ಆದವರು. ಆದರೆ ಗುರಣ್ಣ ಮಾತ್ರ ಊರಿನ ಬಟ್ಟೆಯೆಲ್ಲ ತನ್ನ ಮೀಸೆಯಿಂದಲೇ ನೇಯಿಸಿಕೊಂಡು ಹೊರಬರುತ್ತದೆ ಎನ್ನುವ ಹಾಗೆ ಎದೆ ಉಬ್ಬಿಸಿ ನಡೆಯುತ್ತಿದ್ದ.

ಮೀಸೆಯೇನೋ ದೊಡ್ಡದೇ. ಎರಡೂ ತುದಿ ಕಪಾಳದವರೆಗೆ ಹೋಗಿ ಮೇಲಕ್ಕೆ ತಿರುಗಿದ್ದವು. ಶೆಡ್ಡಿನಲ್ಲಿ ಹಾರುವ ಹತ್ತಿಯ ಧೂಳು ದಿನವಿಡೀ ಅದರ ಮೇಲೆ ಕೂತು, ಸಂಜೆಗೆ ಮೀಸೆ ಪೂರಾ ಬೆಳ್ಳಗಾಗುತ್ತಿತ್ತು. ಉಳಿದ ಜಾಬರರು ಕೈಕಾಲು ತೊಳೆದು ಮನೆ ಸೇರಿದರೂ ಇವನು ನಳದ ಮುಂದೆ ನಿಂತು ಸಣ್ಣ ಹಣಿಗೆಯಿಂದ ಒಂದೊಂದೇ ಎಳೆ ಬಾಚುತ್ತಿದ್ದ. ಹೆಂಡತಿಯ ತಲೆಗಿಲ್ಲದ ಕೊಬ್ಬರಿ ಎಣ್ಣೆ ಅದಕ್ಕಿತ್ತು.

ಅವರ ಮಂದಿಯಲ್ಲಿ ಮೀಸೆ ಬೋಳಿಸುವುದು ಹೆತ್ತವರು ತೀರಿಕೊಂಡಾಗ, ಹೊಳೆಯ ದಂಡೆಯಲ್ಲಿ. ಇನ್ನಾವ ಕಾರಣಕ್ಕೂ ಅಲ್ಲ. ತಾಯಿ ಹೋದಾಗ ಗುರಣ್ಣನಿಗೆ ಮೀಸೆಯೇ ಮೂಡಿರಲಿಲ್ಲ. ಅಪ್ಪ ಬಸವಂತ ತೊಂಬತ್ತರ ಹತ್ತಿರ ಬಂದಿದ್ದರೂ ಮಹಾಗಾಂವದಲ್ಲಿ ಕಿರಿಮಗನ ಮನೆಯಲ್ಲಿ ರೊಟ್ಟಿ ಉಂಡು, ಎಮ್ಮೆ ಹಿಂಡಿಕೊಂಡು ಗಟ್ಟಿಮುಟ್ಟಾಗಿದ್ದ. ಹೀಗಾಗಿ ಈ ಮೀಸೆಗೆ ಕತ್ತಿ ತಾಗಿದ್ದೇ ಇಲ್ಲ.

ಇಂಥ ಗಂಡಸಿಗೆ ಒಂದು ವರ್ಷದಿಂದ ಉಚ್ಚೆ ಸರಿಯಾಗಿ ಹೋಗುತ್ತಿರಲಿಲ್ಲ. ಶೆಡ್ಡಿನ ಹಿಂದಿನ ಗೋಡೆಗೆ ಮುಖ ಮಾಡಿ ನಿಂತರೆ ನಿಂತೇ ಇರುತ್ತಿದ್ದ. ಯಾರಾದರೂ ಬಂದರೆ ಬೀಡಿ ಹುಡುಕುವವನ ಹಾಗೆ ಕಿಸೆ ತಡವಿಕೊಳ್ಳುತ್ತಿದ್ದ. ಒಂದು ದಿನ ನೆತ್ತರು ಕಂಡ. ಒಂದು ಬಕೆಟ್ ನೀರು ಸುರಿದು, ಏನೂ ಆಗಿಲ್ಲವೆಂಬಂತೆ ಮಗ್ಗದ ಹತ್ತಿರ ಬಂದು ನಿಂತ. ಈ ರೋಗಕ್ಕೆ ಡಾಕ್ಟರರು ಹಿಂದಿನಿಂದ ಬೆರಳು ಹಾಕಿ ನೋಡುತ್ತಾರೆಂದು ಯಾರೋ ಹೇಳಿದ್ದರು. ಅದನ್ನು ಕೇಳಿದ ಮೇಲಂತೂ ಸತ್ತರೂ ಡಾಕ್ಟರನ ಹತ್ತಿರ ಹೋಗುವುದಿಲ್ಲವೆಂದು ಮನಸ್ಸಿನಲ್ಲೇ ಪಣ ತೊಟ್ಟ. ಸಾಯುವುದಾದರೂ ಮೀಸೆಗೆ ಒಪ್ಪುವ ಕೆಲಸ, ಡಾಕ್ಟರನ ಮುಂದೆ ಪಾಯಿಜಾಮ ಸಡಿಲಿಸುವುದು ಒಪ್ಪುವುದಿಲ್ಲ. ಗುರಣ್ಣನ ತಲೆ ಓಡುತ್ತಿದ್ದದ್ದೇ ಇಷ್ಟು.

ಅಷ್ಟರಲ್ಲಿ ಶಾಂತಿನಾಥ ಶೇಠರ ಮಗ ಕೇತನನಿಗೆ ಗಂಡಸರ ಆರೋಗ್ಯದ ಚಿಂತೆ ಹತ್ತಿತು. ಅಪ್ಪನ ವ್ಯಾಪಾರ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಉತ್ಸಾಹವಿದ್ದ ಹುಡುಗ ಅವನು. ಹಿಂದಿನ ವರ್ಷ ಅವನೂ ಅವನ ಗೆಳೆಯ ಕುಣಾಲನೂ ಸೇರಿ ಗಿಡ ನೆಟ್ಟಿದ್ದರು. ಫೋಟೋ ತೆಗೆದಾದ ಮೇಲೆ ಆ ಗಿಡಗಳಿಗೆ ನೀರು ಹಾಕಿದವರನ್ನು ಯಾರೂ ಕಂಡಿಲ್ಲ. ಈ ಸಲ ಪರದೇಶದ ಗಂಡಸರು ನವೆಂಬರ್ ತಿಂಗಳಿಡೀ ಮೀಸೆ ಬೆಳೆಸಿ, ಗಂಡಸರ ರೋಗಗಳಿಗಾಗಿ ಹಣ ಕೂಡಿಸುವುದನ್ನು ಫೋನಿನಲ್ಲಿ ನೋಡಿದ್ದ. ಒಂದನೇ ತಾರೀಖು ಎಲ್ಲರೂ ಬೋಳಿಸಿಕೊಳ್ಳಬೇಕು, ಆಮೇಲೆ ಬೆಳೆಸಬೇಕು, ಬೆಳೆಯುವುದನ್ನು ನೋಡಿ ಮಂದಿ ಹಣ ಕೊಡಬೇಕು. ಬೋಳಿಸಲು ಅವರ ಗುಂಪಿನಲ್ಲಿ ಯಾರಿಗೂ ಮೀಸೆಯೇ ಇರಲಿಲ್ಲ.

"ಗುರಣ್ಣ ಮಾಮಾ, ನಾವು ತಗಸ್ಕೊಂಡ್ರ ಯಾರ್ ನೋಡ್ತಾರ್ರಿ?" ಎಂದು ಕೇತನ ಶೆಡ್ಡಿಗೇ ಬಂದು ಕೇಳಿದ. "ನಿಮ್ಮ ಮೀಸಿ ತಗಸಿದ್ರ ಊರ ಬಂದು ನಿಲ್ತೈತಿ. ಚೌಕಿನ್ಯಾಗ ನಿಮ್ಮ ಫೋಟೋದ ದೊಡ್ಡ ಬ್ಯಾನರ್ ಹಚ್ಚತೇವಿ."

ಬ್ಯಾನರ್ ಎಂದದ್ದೇ ತಡ, ಗುರಣ್ಣನಿಗೆ ಅಪ್ಪ ಬದುಕಿರುವುದು ಮರೆತೇಹೋಯಿತು. ಹೆಂಡತಿ ದುರ್ಗವ್ವನಿಗೆ ಮರೆಯಲಿಲ್ಲ.

"ಮಾವಾರು ಗಟ್ಟಿಮುಟ್ಟ ಅದಾರ. ಮೀಸಿ ತಗಸ್ತೇನಂತೀರಿ, ಬುದ್ಧಿ ಎಲ್ಲಿಟ್ಟೀರಿ?"

"ಇದು ಅಪ್ಪನ ಸಲುವಾಗಿ ಅಲ್ಲ. ಗಂಡಸರ ಆರೋಗ್ಯದ ಸಲುವಾಗಿ."

"ಹಂಗಾರ ನೀವೂ ಗಂಡಸರ ಅದೀರಲ್ಲ," ಎಂದಳು ದುರ್ಗವ್ವ. "ನಿಮ್ಮ ಅರಬಿ ತೊಳ್ಯಾಕಿ ನಾ. ಅದರಾಗಿನ ನೆತ್ತರ ಕಲಿ ನನಗ ಕಾಣ್ತೈತಿ. ಮೀಸಿ ತಗ್ಯೂ ಜಾಗಾದಾಗ ಡಾಕ್ಟರ್ ಕರಿಸಿ ಫುಕಟ ತಪಾಸಣಿ ಇಟ್ಟಾರಂತ. ಮೀಸಿ ತಗಸ್ರಿ, ನಾ ಅಡ್ಡ ಬರೂದಿಲ್ಲ. ಆದ್ರ ತಪಾಸಣಿ ಮಾಡಿಸ್ಕೊಂಡ ಮನಿಗಿ ಬರಬೇಕು."

ಗುರಣ್ಣ ಹೂಂ ಎಂದ. ಬ್ಯಾನರಿಗಾಗಿ ಅವನು ಅವತ್ತು ಯಾವುದಕ್ಕಾದರೂ ಹೂಂ ಅನ್ನುತ್ತಿದ್ದ.

ಒಂದನೇ ತಾರೀಖು ಶೇಠರ ಅಂಗಡಿಯ ಮುಂದೆ ಮಂಟಪ ಎದ್ದಿತು. ಮೈಕು, ಹಾರ, ಪೇಟ, ಬಂದವರಿಗೆಲ್ಲ ನಾಷ್ಟಾ. ಗಂಡಸರ ಆರೋಗ್ಯದ ಹೆಸರಿನಲ್ಲಿ ಅವತ್ತು ತಿಂದ ಭಜಿಯಿಂದಲೇ ನಾಲ್ಕು ಮಂದಿ ಗಂಡಸರ ಆರೋಗ್ಯ ಕೆಟ್ಟಿರಬೇಕು. ಕತ್ತಿ ಹಿಡಿಯಲು ಕರೆಸಿದ್ದ ಜೋತಿಬಾ ಶಹಾಪುರದವನೇ, ಸಾವಾದ ಮನೆಗಳಿಗೂ ಅವನೇ ಹೋಗುವವನು. ಕುರ್ಚಿಯಲ್ಲಿ ಕೂತ ಗುರಣ್ಣನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಅಪ್ಪಾರು ಹ್ವಾದ್ರೇನು?"

"ಇಲ್ಲೋ, ಗಟ್ಟಿ ಅದಾನ."

"ಹಂಗಾರ ನಾ ಮುಟ್ಟೂದಿಲ್ಲ. ಇದು ಪಂಚಗಂಗಾ ದಂಡಿ ಮ್ಯಾಲ ಮಾಡೂ ಕೆಲಸ."

ಕುಣಾಲ ಫೋನು ಎತ್ತಿ ಹಿಡಿದಿದ್ದವನು, "ಕಾಕಾ, ಲವಕರ ಕರಾ, ಸಗಳೇ ಬಘತಾಯತ," ಎಂದು ಮರಾಠಿಯಲ್ಲಿ ಅವಸರ ಮಾಡಿದ. ಎಲ್ಲರೂ ನೋಡುತ್ತಿದ್ದಾರಂತೆ, ಬೇಗ ಮುಗಿಸಬೇಕಂತೆ. ಜೋತಿಬಾ ದೇವರ ಹೆಸರು ಹೇಳಿ ಕತ್ತಿ ಆಡಿಸಿದ. ಜನ್ಮವಿಡೀ ಬೆಳೆಸಿದ ಮೀಸೆ ಬಿಳಿ ಟವೆಲ್ಲಿನ ಮೇಲೆ ಬಿತ್ತು. ಅದರ ಕೆಳಗೆ ಇಷ್ಟು ದಿನ ಅಡಗಿದ್ದ ತುಟಿ ಸಣ್ಣದಾಗಿ, ಅಳುಬುರುಕ ಮಗುವಿನದರಂತಿತ್ತು.

ಕೇತನ ಮೈಕು ಕೈಗೆ ಕೊಟ್ಟ. ಗುರಣ್ಣ ಹೇಳಿಕೊಟ್ಟಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ. "ಗಂಡಸರಾ, ನಾಚಬ್ಯಾಡ್ರಿ. ತ್ರಾಸ ಇದ್ರ ಡಾಕ್ಟರಗ ತೋರಸ್ರಿ. ಮುಚ್ಚಿಟ್ಟರ ಜೀವಕ್ಕ ಕುತ್ತ."

ಚಪ್ಪಾಳೆ ಬಿತ್ತು. ತಪಾಸಣೆಯ ಡೇರೆ ಮಂಟಪದ ಬೆನ್ನಿಗೇ ಇತ್ತು. ಗುರಣ್ಣ ಅಲ್ಲಿಯವರೆಗೆ ಹೋದ, ಪರದೆ ಸರಿಸಿದ. ಒಳಗೆ ತನ್ನ ಮಗಳ ವಯಸ್ಸಿನ ಡಾಕ್ಟರೊಬ್ಬಳು ಕೈಗೆ ರಬ್ಬರಿನ ಗವಸು ಏರಿಸಿಕೊಳ್ಳುತ್ತಿದ್ದಳು. ಪರದೆ ಬಿಟ್ಟವನೇ ಕಾಲಿಗೆ ಬುದ್ಧಿ ಹೇಳಿದ.

"ಏನಂದ್ರು?" ಎಂದು ದುರ್ಗವ್ವ ಕೇಳಿದಳು.

"ಎಲ್ಲಾ ಚಲೋ ಐತಂದ್ರು," ಎಂದ ಗುರಣ್ಣ. ಅವಳು ದೇವರಿಗೆ ಊದಿನಕಡ್ಡಿ ಹಚ್ಚಿದಳು. ಇವನು ನಾಚಿಕೆಯಿಲ್ಲದೆ ಉಣ್ಣಲು ಕೂತ.

ಬೋಳು ತುಟಿ ತನ್ನ ಕೆಲಸ ಬೇಗನೆ ಶುರು ಮಾಡಿತು. ಮರುದಿನ ಬೆಳಗಾದರೆ ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ಬಂದು, "ಯಾವಾಗ ಹ್ವಾದ್ರವ್ವಾ ಮಾವಾರು?" ಎಂದು ದುರ್ಗವ್ವನನ್ನು ತಬ್ಬಿದರು. ಪಕ್ಕದ ಮನೆಯಿಂದ ಅನ್ನ ಸಾರೂ ಬಂತು. ಕುಣಾಲ ಕಳಿಸಿದ್ದ ಫೋಟೋ ಫೋನಿನಿಂದ ಫೋನಿಗೆ ಹಾರಿ ಗಡಹಿಂಗ್ಲಜ ಮುಟ್ಟಿತು. ಅಲ್ಲಿದ್ದ ದೂರದ ಸಂಬಂಧಿ ಬಸಗೊಂಡ ಫೋಟೋದ ಕೆಳಗಿನದನ್ನು ಓದುವ ಗೊಡವೆಗೆ ಹೋಗದೆ, ಹೂವಿನ ಹಾರ ಹಿಡಿದು ನೇರ ಮಹಾಗಾಂವಕ್ಕೆ ಹೋದ. ಬಸವಂತ ಎಮ್ಮೆಯ ಕೆಳಗೆ ಚೊಂಬು ಹಿಡಿದು ಕೂತಿದ್ದವನು ತಿರುಗಿ ನೋಡಿ, "ಹಾರ ಯಾರಿಗಿ ತಂದಿ?" ಎಂದು ಕೇಳಿದ. ಬಸಗೊಂಡ ಹಾರವನ್ನು ಎಮ್ಮೆಗೆ ಹಾಕಿ, ಫೋಟೋ ತೋರಿಸಿದ.

ಮುದುಕ ಎಸ್ಟಿ ಬಸ್ಸು ಹಿಡಿದು ಇಚಲಕರಂಜಿಗೆ ಬಂದಿಳಿದ. ಮನೆಯ ಕಟ್ಟೆಯ ಮೇಲೆ ಕೂತು ಮಗನ ಮುಖವನ್ನು ಬಹಳ ಹೊತ್ತು ನೋಡಿದ. ಗುರಣ್ಣ ತುಟಿಗೆ ಟವೆಲ್ ಅಡ್ಡ ಹಿಡಿದುಕೊಂಡ.

"ಯಾರ ಸತ್ತಾರ್ಲೇ ಗುರ್ಯಾ?"

"ಹಂಗಲ್ಲಪಾ. ಇದು ಗಂಡಸರ ಆರೋಗ್ಯದ್ದು. ಭಾಳ ದೊಡ್ಡ ಕೆಲಸ. ಚೌಕಿನ್ಯಾಗ ನನ್ನ ಬ್ಯಾನರ್ ಹಚ್ಚ್ಯಾರ."

ಸುದ್ದಿ ತಿಳಿದು ಕೇತನನೂ ಬಂದ. ಸತ್ತನೆಂದು ಸುದ್ದಿಯಾದ ಮುದುಕನೂ ಬೋಳಿಸಿಕೊಂಡ ಮಗನೂ ಒಂದೇ ಫೋಟೋದಲ್ಲಿ ಸಿಗುವುದೆಂದರೆ ಅವನಿಗೆ ಹಬ್ಬ. ಫೋನು ತೆಗೆಯುತ್ತ, "ಅಜ್ಜಾರ, ಒಂದ ಫೋಟೋ ತಗೋತೇನ್ರಿ," ಎಂದ. "ಅವತ್ತ ಡಾಕ್ಟರ್ ಮ್ಯಾಡಮ್ ಜೋಡಿನೂ ಮಾಮಾರ ಫೋಟೋ ಬೇಕಾಗಿತ್ತು. ಮ್ಯಾಡಮ್ ಕಾದ ಕುಂತ್ರು, ಮಾಮಾ ಡೇರೇದಾಗ ಬರಲೇ ಇಲ್ಲ."

ದುರ್ಗವ್ವ ಚಹಾದ ಕಪ್ಪು ಕೆಳಗಿಟ್ಟಳು. ಮಾವನ ಮುಂದೆ ಅವಳು ಜೋರಾಗಿ ಮಾತಾಡಿದ್ದೇ ಇಲ್ಲ. ಅವತ್ತು ಸೆರಗು ತಲೆಯ ಮೇಲೆ ಎಳೆದುಕೊಂಡು ಎಲ್ಲವನ್ನೂ ಹೇಳಿದಳು, ಉಚ್ಚೆಗೆ ಹೋದರೆ ನಿಂತೇ ಇರುವುದನ್ನೂ, ನೆತ್ತರನ್ನೂ, ಚಲೋ ಐತಂದ್ರು ಎಂಬ ಸುಳ್ಳನ್ನೂ. ಗುರಣ್ಣ ಟವೆಲ್ಲಿನ ಹಿಂದೆ ಕೆಮ್ಮಿದ. ಕೇತನ ಫೋನು ಕಿಸೆಗೆ ಹಾಕಿ, ಏನೋ ಕೆಲಸ ನೆನಪಾದವನಂತೆ ಹೋದ. ಗಂಡಸರ ಆರೋಗ್ಯ ಅವನ ಎದುರಿಗೇ ಬಂದು ಕೂತಾಗ ಅವನಿಗೆ ಅದರ ಗುರುತೇ ಸಿಗಲಿಲ್ಲ.

ಬಸವಂತ ಬೈಯಲಿಲ್ಲ. "ನಾ ಸತ್ತರ ನೀ ಮೀಸಿ ತಗಸಬೇಕು. ಅದಕ್ಕೊಂದ ಪದ್ಧತಿ ಐತಿ," ಎಂದ. "ನೀ ಸತ್ತರ ನಾ ಏನ್ ತಗಸಲಿ? ಅದಕ್ಕ ಪದ್ಧತೀನ ಇಲ್ಲೋ."

ಮರುದಿನ ಮೂವರೂ ಊರೊಳಗಿನ ದವಾಖಾನೆಗೆ ಹೋದರು. ಹೋದರು ಎನ್ನುವುದಕ್ಕಿಂತ, ಮುದುಕ ಮುಂದೆ, ದುರ್ಗವ್ವ ಹಿಂದೆ, ತಪ್ಪಿಸಿಕೊಳ್ಳದ ಹಾಗೆ ಗುರಣ್ಣನನ್ನು ನಡುವೆ ಹಾಕಿಕೊಂಡು ಕರೆದೊಯ್ದರು ಎನ್ನಬೇಕು. ಬೆಂಚಿನ ಮೇಲೆ ಕೂತಿದ್ದಾಗ ಕಂಪೌಂಡರ್ ಬಂದು, "ಬರ್ರಿ ಅಜ್ಜಾ, ನಿಮ್ಮ ಪಾಳಿ," ಎಂದು ಬಸವಂತನ ರಟ್ಟೆ ಹಿಡಿದ. ರೋಗಿ ಮುದುಕನೇ ಎಂದು ಅವನು ತಿಳಿದದ್ದರಲ್ಲಿ ತಪ್ಪಿಲ್ಲ. ಗುರಣ್ಣ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ತಾರೀಖು ಹುಡುಕುವವನಂತೆ ಕೂತ. ತೊಂಬತ್ತರ ಅಪ್ಪನನ್ನು ತನ್ನ ಬದಲು ಒಳಗೆ ಒಯ್ಯುತ್ತಿದ್ದರೂ ಕೂತ. ಥೂ ಎನ್ನಬೇಕೆನಿಸಿದರೆ ಇಲ್ಲಿ ಅನ್ನಬಹುದು, ದುರ್ಗವ್ವನಿಗೂ ಹಾಗೇ ಅನಿಸಿತ್ತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಸವಂತ ಕೈಯೆತ್ತಿ ತಡೆದ. ಮಗನನ್ನು ಒಮ್ಮೆ ನೋಡಿದ. ಆಮೇಲೆ ಕಂಪೌಂಡರನ ಜೊತೆ ತಾನೇ ಒಳಗೆ ಹೋದ.

ಹೊರಗೆ ಬಂದಾಗ ಧೋತರ ಸರಿಯಾಗಿ ಕಟ್ಟಿಕೊಳ್ಳಲು ಅವನ ಕೈಗೆ ಆಗುತ್ತಿರಲಿಲ್ಲ. ಹಣೆಯ ಮೇಲೆ ಬೆವರಿತ್ತು. ಮಗನ ಮುಂದೆ ಬಂದು ನಿಂತ.

"ನನಗ ಮಾಡಿದ್ರು. ಏನೂ ಇಲ್ಲ, ಇರಿವಿ ಕಡದಂಗ. ಒಳಗ ನಿನ್ನ ಹೆಸರ ಹೇಳಿ ಬಂದೇನಿ. ಏಳು."

ಗುರಣ್ಣ ಎದ್ದ. ಟವೆಲ್ ಬೆಂಚಿನ ಮೇಲೆಯೇ ಉಳಿಯಿತು. ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.

ಮುದುಕ ಬೆಂಚನ್ನು ಎರಡೂ ಕೈಯಿಂದ ಹಿಡಿದು, ಒಂದು ಮಗ್ಗುಲಾಗಿ ಮೆಲ್ಲಗೆ ಕೂತ. ದುರ್ಗವ್ವ ಅವನ ಧೋತರದ ಗಂಟು ಬಿಗಿ ಮಾಡಿದಳು.

"ಭಾಳ ತ್ರಾಸ ಆತೇನ್ರಿ ಮಾವಾರ?"

"ಆತವ್ವಾ," ಎಂದ ಬಸವಂತ. "ಅವಗ ಹೇಳಬ್ಯಾಡ."