ಫ್ರೇಮಿನೊಳಗೆ ಬಂದ ಬೆರಳು

ಮದುವೆ ಫೋಟೊ ತೆಗೆಯುವುದನ್ನು ಬಿಟ್ಟ ಮೇಲೆ ನನಗೆ ಎರಡು ಕ್ಯಾಮೆರಾ ಯಾಕೆ? ಸಣ್ಣ ಸೆನ್ಸರಿನ ಕ್ರಾಪ್ ಒಂದು, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಒಂದು. ಒಂದನ್ನು ಕೊಟ್ಟರೆ ಹುಳಹುಪ್ಪಟೆಯನ್ನು ತೀರ ಹತ್ತಿರದಿಂದ ತೆಗೆಯುವ ಹೊಸ ಮ್ಯಾಕ್ರೊ ಲೆನ್ಸ್ ಕೊಡುತ್ತೇನೆಂದು ಬ್ರಹ್ಮಾವರದ ಅಂಗಡಿಯವನು ಹೇಳಿದ. "ಹುಳ ತೆಗುಕೆ ಕ್ರಾಪ್ ಸೆನ್ಸರೇ ಸಾಕ್ ಮಾರಾಯ್ರೆ. ಫುಲ್ ಫ್ರೇಮ್ ನಂಗೆ ಕೊಡಿ" ಎಂದ. ಅವನ ಮಾತು ಸರಿಯೇ. ಲೆನ್ಸ್ ಒಂದೇ, ದೂರವೂ ಒಂದೇ ಆದರೆ ಕ್ರಾಪ್‌ನಲ್ಲಿ ಇರುವೆಯೇ ಚಿತ್ರದ ತುಂಬ ಕೂರುತ್ತದೆ. ಫುಲ್ ಫ್ರೇಮಿನಲ್ಲಿ ಇರುವೆಯ ಸುತ್ತಲಿನ ಎಲೆ, ತೊಟ್ಟು, ಬೇಕಾದ್ದು ಬೇಡದ್ದು ಎಲ್ಲ ಬರುತ್ತದೆ.

ಆದರೂ ಒಂದು ವಾರ ಟೈಮ್ ಕೇಳಿ ಬಂದೆ.

ಮರವಂತೆಯಲ್ಲಿ ಹುಳದ ಫೋಟೊ ತೆಗೆಯುವುದೆಂದರೆ ಗಾಳಿಯ ಜೊತೆ ಜಗಳ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಎಲೆ ಒಂದು ಗಳಿಗೆ ಸುಮ್ಮನಿದ್ದರೆ ಕೇಳಿ! ಅದಕ್ಕೇ ಗಿಡ ಹಿಡಿಯುವ ಕೆಲಸ ಹೆಂಡತಿಯದಾಗಿತ್ತು. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಬರುತ್ತಿದ್ದಳು. ಕುಕ್ಕರುಗಾಲಲ್ಲಿ ಕೂತು, ತೊಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು, ಅಲ್ಲಾಡದೆ ಇರುತ್ತಿದ್ದಳು.

"ಹ್ವಾಯ್, ಉಸ್ರ್ ಬಿಡ್ಲಕ್ಕಾ?"

"ಬ್ಯಾಡ."

"ಆ ಜೇಡನ್ ಮೋರೆ ಕಂಡದ್ದ್ ಸಾಕ್. ನನ್ ಮೋರೆನೂ ಒಂದ್ಸಲ ತೆಗಿನಿ ಕಾಂಬ."

"ನಿನ್ ಮೋರೆ ದಿನಾ ಕಾಂತಿಲ್ಯಾ ಮಾರಾಯ್ತಿ!"

ಆಗೊಮ್ಮೆ ಮದುವೆ ಕೆಲಸಕ್ಕೆಂದು ಕೊಂಡ ಫುಲ್ ಫ್ರೇಮನ್ನು ಹುಳಗಳ ಮೇಲೂ ಪರೀಕ್ಷಿಸುವ ಹುಚ್ಚು ಹತ್ತಿತು. ಹೆಚ್ಚಿನ ಚಿತ್ರಗಳ ಮೂಲೆಯಲ್ಲಿ ಅವಳ ಹೆಬ್ಬೆರಳು. ಮೀನು ಕೊಯ್ಯುವಾಗ ಆದ ಗಾಯದ ಗೆರೆ ಸಮೇತ. "ಬೆರಳ್ ಆಚಿಗ್ ತೆಗಿ!" ಎಂದು ರೇಗುತ್ತಿದ್ದೆ. ಆಚೆ ತೆಗೆದರೆ ಎಲೆ ಅಲ್ಲಾಡುತ್ತಿತ್ತು. ಬೆರಳು ಬಂದದ್ದನ್ನೆಲ್ಲ ಅವಳ ಎದುರೇ ಅಳಿಸಿ ಹಾಕಿ, ಮ್ಯಾಕ್ರೊಗೆ ಕ್ರಾಪೇ ಸೈ ಎಂದು ತೀರ್ಮಾನಿಸಿದೆ. ಅವಳು ನಕ್ಕು ಕೈ ಕೊಡವಿಕೊಂಡಳು.

ಅವಳು ಹೋಗಿ ಎರಡು ಮಳೆಗಾಲ ಆಯಿತು. ಎದೆನೋವು ಅಂದಳು, ಕುಂದಾಪುರದ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಹಾರ ಹಾಕಲು ಫೋಟೊ ಬೇಕು ಎಂದರು. ಯಾರ ಮನೆಯಲ್ಲಿ ಸಾವಾದರೂ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ, ದೊಡ್ಡದು ಮಾಡಿ ಕೊಡುವುದು ನಮ್ಮ ಸ್ಟುಡಿಯೋದ ಕೆಲಸ. ಆ ದಿನ ನನ್ನ ಹೆಂಡತಿಯದನ್ನೂ ಹಾಗೆಯೇ ಕತ್ತರಿಸಿದೆ, ನೆಂಟರೊಬ್ಬರ ಮದುವೆಯ ಗುಂಪಿನಿಂದ. ಪಕ್ಕದವರ ಮೊಣಕೈಯನ್ನು ಎಷ್ಟು ಒರೆಸಿದರೂ ಹೋಗಲಿಲ್ಲ. ಸಾವಿರಾರು ಜೇಡಗಳ ಕಣ್ಣಿನ ಫೋಟೊ ತೆಗೆದವನ ಹತ್ತಿರ ಕಟ್ಟಿಕೊಂಡವಳೊಬ್ಬಳದೇ ಒಂದು ಪಟ ಇಲ್ಲ. ನಾಚಿಕೆಯಾಗಬೇಕು ನನಗೆ.

ಆ ಒಂದು ವಾರ ಟೈಮ್ ಕೇಳಿದ್ದು ಇದಕ್ಕೇ. ಫುಲ್ ಫ್ರೇಮಿನ ಮೆಮೊರಿ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದೊಂದೇ ನೋಡಿದೆ. ಮುಖ ಬೇಡ, ಆ ಹೆಬ್ಬೆರಳಿನ ತುದಿ ಒಂದು ಕಡೆ ಉಳಿದಿದ್ದರೆ ಸಾಕಿತ್ತು. ಚಿಟ್ಟೆ ಇತ್ತು, ಮಿಡತೆ ಇತ್ತು, ವಧೂವರರು ರಾಶಿ ಇದ್ದರು. ಬೆರಳು ಎಲ್ಲೂ ಇಲ್ಲ. ಅಷ್ಟು ಚೊಕ್ಕ ಅಳಿಸಿದ್ದೆ ನಾನು. ಊಟ ಬಿಟ್ಟು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಆಮೇಲೆ ಕುರ್ಚಿಯಲ್ಲೇ ಕೂತು ಅತ್ತೆ.

ಅಂಗಡಿಗೆ ಕ್ರಾಪ್ ಕ್ಯಾಮೆರಾ ಕೊಟ್ಟು, ಫುಲ್ ಫ್ರೇಮನ್ನು ಇಟ್ಟುಕೊಂಡೆ. "ಎಂತ ಮಾರಾಯ್ರೆ, ಉಲ್ಟಾ ಮಾಡ್ತ್ರಿ!" ಎಂದು ಅವನು ಬೈದ. ವಯಸ್ಸಾಯಿತು, ಕಣ್ಣು ಮಂದ ಎಂದು ಏನೋ ಸುಳ್ಳು ಹೇಳಿ ಬಂದೆ.

ಈಗಲೂ ಭಾನುವಾರ ಮರವಂತೆಗೆ ಹೋಗುತ್ತೇನೆ. ತೊಟ್ಟನ್ನು ಎಡಗೈಯಲ್ಲಿ ನಾನೇ ಹಿಡಿದುಕೊಂಡು, ಭಾರದ ಕ್ಯಾಮೆರಾವನ್ನು ಬಲಗೈಯೊಂದರಲ್ಲೇ ಎತ್ತುತ್ತೇನೆ. ಹುಳ ಮಸುಕು, ಮೂಲೆಯಲ್ಲಿ ನನ್ನದೇ ಹೆಬ್ಬೆರಳು. ಒಂದನ್ನೂ ಅಳಿಸಿಲ್ಲ.