ಸೋಸಿದ ನೀರಿನ ಮೂರು ಬಾಟ್ಲಿ

ಸಂಖ್ಯಾಶಾಸ್ತ್ರದ ಪುಸ್ತಕ ಬರೆಯುವವರಿಗೆ ಚೆಂಡುಗಳ ಮೇಲೆ ಅದೇನು ಮೋಹವೋ ನನಗಂತೂ ತಿಳಿಯದು. ಚೀಲದಲ್ಲಿ ಐದು ಕೆಂಪು ಚೆಂಡು, ಏಳು ಬಿಳಿ ಚೆಂಡು. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಕೆಂಪು ಬರುವ ಸಂಭವ ಎಷ್ಟು? ಯಾದಗಿರಿಯ ಕಾಲೇಜಿನಲ್ಲಿ ನನ್ನ ಎದುರು ಕೂತ ಮಕ್ಕಳಲ್ಲಿ ಒಬ್ಬರೂ ಜನ್ಮದಲ್ಲಿ ಅಂಥ ಚೀಲ ನೋಡಿದವರಲ್ಲ. ಅದಕ್ಕೇ ನಾನು ಪಾಠ ಮಾಡಿದಷ್ಟು ವರ್ಷವೂ ಮಾದರಿ ಆಯ್ಕೆಯ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿಟ್ಟು ನಮ್ಮ ಸೋದರತ್ತೆ ಭೀಮವ್ವನ ವಿಷಯ ಹೇಳುತ್ತಿದ್ದೆ. ಇದು ಪರೀಕ್ಷೆಗೆ ಬರುತ್ತದೇನ್ರಿ ಎಂದು ಕೇಳಿದವರು ನನ್ನಿಂದ ಚೆನ್ನಾಗಿ ಬೈಸಿಕೊಂಡಿದ್ದಾರೆ.

ಭೀಮವ್ವ ನಮ್ಮಪ್ಪನ ಅಕ್ಕ. ಅವಳನ್ನು ಕೊಂಕಲ್ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಬಾಲಪ್ಪ ಕುರಿ ಕಾಯುವವನು. ಮಳೆ ನಿಂತ ಮೇಲೆ ಹಿಂಡು ಹೊಡೆದುಕೊಂಡು ಕೆಂಭಾವಿ, ಸುರಪುರದ ಗುಡ್ಡಗಳ ತನಕ ಹೋಗಿ ಬರುತ್ತಿದ್ದ. ಹುಟ್ಟಿದ ಮಕ್ಕಳಲ್ಲಿ ಉಳಿದವಳು ಮಾಳಮ್ಮ ಒಬ್ಬಳೇ. ಅತ್ತೆಗೆ ಉಳಿದ ವಿಷಯದಲ್ಲಿ ಏನೂ ಹಟವಿರಲಿಲ್ಲ. ರೊಟ್ಟಿ ಸೀದರೂ ಸರಿ, ಪಲ್ಯಕ್ಕೆ ಉಪ್ಪು ಮರೆತರೂ ಸರಿ. ಆದರೆ ನೀರು ಮಾತ್ರ ಸೋಸಲೇಬೇಕು. ಮದುವೆಯಲ್ಲಿ ಗಂಡ ಉಟ್ಟ ಧೋತರ ಹರಿದಾಗ ಅದರ ಒಂದು ಚೌಕ ತುಂಡನ್ನು ಎತ್ತಿಟ್ಟುಕೊಂಡಿದ್ದಳು. ಅದನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸಿದ ನೀರನ್ನಷ್ಟೇ ಮನೆಯೊಳಗೆ ಬಿಡುತ್ತಿದ್ದಳು. ಸೋಸದ ನೀರು ಕೊಟ್ಟರೆ ಬಂದವರಿಗೆ ಅವಮಾನ ಮಾಡಿದಂತೆ ಎಂದು ಅವಳವ್ವ ಕಲಿಸಿದ್ದಳಂತೆ.

ಊರಿಗೆ ಇದ್ದದ್ದು ಒಂದೇ ಪಾವಟಿಗೆ ಬಾವಿ. ಮೆಟ್ಟಿಲಿಳಿದು, ಮೊಣಕಾಲು ಮಟ್ಟ ನೀರಿಗೆ ಕಾಲಿಟ್ಟು ಕೊಡ ತುಂಬಬೇಕು. ದನಗಾಹಿಗಳು, ಕುರಿಯವರು, ದಾರಿಹೋಕರು ಎಲ್ಲರೂ ಅಲ್ಲೇ ಕಾಲು ತೊಳೆದು, ಅಲ್ಲೇ ಬೊಗಸೆಯಲ್ಲಿ ಕುಡಿಯುವವರು. ಆ ಊರಿನಲ್ಲಿ ಪ್ರತಿ ಬೇಸಿಗೆಗೂ ನಾರುಹುಣ್ಣು. ಕಾಲಿನ ಮೇಲೆ ಬೊಕ್ಕೆ ಎದ್ದು ಒಡೆದು, ಒಳಗಿಂದ ಮೊಳದುದ್ದದ ಬಿಳಿ ನಾರಿನಂಥ ಹುಳ ತಲೆ ಹಾಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು. ನಡುವೆ ಹರಿದರೆ ಮುಗಿಯಿತು, ಕಾಲು ಕೊಳೆಯುತ್ತದೆ. ಬಾಲಪ್ಪ ಮಾವನಿಗೆ ಮೊಣಕಾಲಿನಲ್ಲೇ ಬಂದು ಕಾಲು ಮಡಚದಂತಾಯಿತು. ಹಿಂಡಿನ ಹಿಂದೆ ನಡೆಯುವವನು ಕಟ್ಟೆ ಮೇಲೆ ಕೂತ. ಕುರಿ ಕಾಯುವ ಕೋಲು ಮಾಳಮ್ಮನ ಕೈಗೆ ಬಂತು. ಆಗವಳಿಗೆ ಹನ್ನೆರಡೋ ಹದಿಮೂರೋ. ಕಂಬಳಿ ಹೊದ್ದು ಹಿಂಡಿನ ಮುಂದೆ ಹಾಡುತ್ತ ಹೋಗುತ್ತಿದ್ದಳಂತೆ, ಗಂಡುಹುಡುಗರ ಜೊತೆ ಜಗಳಕ್ಕೂ ಮುಂದು.

ನಿಜಾಮನ ಆಡಳಿತ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಹೊಸ ಸರಕಾರದವರು ನಾರುಹುಣ್ಣಿನ ಸರ್ವೆ ಮಾಡುತ್ತಾರೆ, ನೀರಿನಲ್ಲಿ ರೋಗ ಕಂಡ ಊರಿಗೆ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗ ಬಿಟ್ಟು ಸೇದುವ ಬಾವಿ ಮಾಡಿಕೊಡುತ್ತಾರೆ ಎಂಬ ಸುದ್ದಿ ಶಹಾಪುರದ ಸಂತೆಯಿಂದ ಬಂತು. ಅತ್ತೆ ಅದನ್ನು ಕೇಳಿದ ದಿನದಿಂದ ಅದೇ ಧ್ಯಾನ. ಗಂಡನ ಕಾಲಂತೂ ಹೋಯಿತು, ಮಗಳದ್ದಾದರೂ ಉಳಿಯಲಿ ಎಂದು ಕಂಡಕಂಡವರ ಮುಂದೆ ಹೇಳುತ್ತಿದ್ದಳು. ಆದರೆ ಎಲ್ಲ ಊರಿನ ಎಲ್ಲ ಬಾವಿ ನೋಡಲು ಅವರ ಹತ್ತಿರ ಅಷ್ಟು ಜನವೆಲ್ಲಿ? ಹಳ್ಳಿಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ಮಡಚಿ, ಕಣ್ಣು ಮುಚ್ಚಿ ಕೆಲವನ್ನು ಎತ್ತಿದರು. ಅತ್ತೆಯ ಊರಿನ ಚೀಟಿ ಬಂತು. ಆ ದಿನ ಅವಳು ಸಜ್ಜೆ ಮಾದಲಿ ಮಾಡಿ ಓಣಿಗೆಲ್ಲ ಹಂಚಿದಳು.

ಚೀಟಿಯ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಇದನ್ನು ನಾನು ಹುಡುಗರಿಗೆ ಒತ್ತಿ ಹೇಳುತ್ತಿದ್ದೆ. ಯಾರ ಶಿಫಾರಸೂ ಇಲ್ಲದೆ, ಪ್ರತಿ ಊರಿಗೂ ಸಮನಾದ ಅವಕಾಶ ಕೊಟ್ಟು ಆರಿಸಿದ ಮಾದರಿ ಅದು. ಎಡವಟ್ಟು ಆದದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ಸರ್ವೆಗೆ ಬಂದವನು ಖಾಜಾಹುಸೇನ, ಸುರಪುರದ ಕಡೆಯ ಪ್ರಾಯದ ಮನುಷ್ಯ. ಯಾವ ಕಚೇರಿಯವನು ಎನ್ನುವುದು ಈಗ ಬೇಡ. ನಡುಮಧ್ಯಾಹ್ನ, ಕಟ್ಟಿಗೆ ಪೆಟ್ಟಿಗೆಯಲ್ಲಿ ಮೂರು ಗಾಜಿನ ಬಾಟ್ಲಿ ಹಿಡಿದು ಬಂದ. ತಾನೇ ಇಳಿದು ತುಂಬಬೇಕೆಂದು ಅವನಿಗೆ ಹೇಳಿ ಕಳಿಸಿದ್ದರು. ಆದರೆ ಬಾವಿಯ ಮೆಟ್ಟಿಲ ತುಂಬ ಹೆಂಗಸರು ಸೀರೆ ಎತ್ತಿ ಕಟ್ಟಿ ನೀರು ತುಂಬುತ್ತಿದ್ದರು. ಪರಗಂಡಸು, ಅದೂ ಹೊಸಬ, ಅವರ ನಡುವೆ ಹ್ಯಾಗೆ ಇಳಿದಾನು? ಮರ್ಯಾದಸ್ಥ. ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತು, ಎದುರಿಗೆ ಸಿಕ್ಕ ಭೀಮವ್ವನ ಕೈಗೆ ಬಾಟ್ಲಿ ಕೊಟ್ಟು, ಮೂರು ಕಡೆ ತುಂಬಿಕೊಂಡು ಬರ್ರಿ ಎಂದ. ಹ್ಯಾಗೆ ತುಂಬಬೇಕೆಂದು ಹೇಳಲಿಲ್ಲ. ನೀರು ತುಂಬುವುದನ್ನು ಹೆಂಗಸರಿಗೆ ಗಂಡಸು ಕಲಿಸುತ್ತಾನೆಯೇ?

ಅತ್ತೆ ತುಂಬಿದಳು. ಮೊದಲು ಬಾಟ್ಲಿಗಳನ್ನು ಬೂದಿ ಹಾಕಿ ತಿಕ್ಕಿದಳು. ಆಮೇಲೆ ಧೋತರದ ತುಂಡನ್ನು ಎರಡಲ್ಲ, ನಾಲ್ಕು ಮಡಿಕೆ ಮಾಡಿ, ಬಾಟ್ಲಿಯ ಬಾಯಿಗೆ ಹಾಕಿ ಸೋಸಿದಳು. ಪಾಚಿ ಬೆರೆತ, ಹುಳ ಓಡಾಡುವ ನೀರು ಕಳಿಸಿದರೆ ದೊಡ್ಡ ಊರಿನವರು ಈ ಊರಿನ ಹೆಂಗಸರನ್ನು ಏನೆಂದುಕೊಂಡಾರು? ರೋಗ ಮುಚ್ಚಿಡುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ. ರೋಗ ಸಿಗಲಿ ಎಂದೇ ಅವಳು ಹರಕೆ ಹೊತ್ತವಳು. ನೀರಿನ ರೋಗ ನೀರಿನ ಉಪ್ಪಿನ ಹಾಗೆ ಎಂದು ತಿಳಿದಿದ್ದಳು. ಸೋಸಿದರೆ ಉಪ್ಪು ಹೋಗುತ್ತದೆಯೇ?

ನಾರುಹುಣ್ಣು ಉಪ್ಪಿನ ಹಾಗಲ್ಲ. ಹುಣ್ಣಾದ ಕಾಲು ನೀರಿಗಿಳಿದಾಗ ಅದರ ಮರಿಗಳು ನೀರಿಗೆ ಬೀಳುತ್ತವೆ; ಅವು ಬೆಳೆಯುವುದು ಆ ನೀರಿನಲ್ಲಿ ಓಡಾಡುವ, ಕಣ್ಣಿಗೆ ಚುಕ್ಕೆಯಷ್ಟು ಕಾಣುವ ಹುಳದ ಹೊಟ್ಟೆಯಲ್ಲಿ. ಬಟ್ಟೆ ದಾಟದ ಆ ಹುಳ ಅತ್ತೆಯ ಧೋತರದ ತುಂಡಿನ ಮೇಲೇ ಉಳಿಯಿತು. ಅವಳು ಅದನ್ನು ಬಾವಿಯ ನೀರಿನಲ್ಲಿ ಜಾಲಿಸಿ, ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದಳು.

ಮೂರೂ ಬಾಟ್ಲಿ ಸ್ವಚ್ಛ ಎಂದು ಫಲ ಬಂತು. ಹೊಸ ಬಾವಿ ಬೇರೆ ಊರಿನ ಪಾಲಾಯಿತು. ಅತ್ತೆ ಮೂರು ದಿನ ಒಲೆ ಹಚ್ಚಲಿಲ್ಲ. ಹಾಗಾದರೆ ನನ್ನ ಗಂಡನ ಕಾಲಿಗೆ ಬಂದದ್ದು ಯಾವ ನೀರಿನದು ಎಂದು ಗೋಡೆಗೆ ಕೇಳುತ್ತಿದ್ದಳಂತೆ.

ಇಲ್ಲಿಗೆ ಬಂದಾಗ ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಬಾವಿಯಲ್ಲಿ ಹುಳಗಳು ಸಾಲಾಗಿ ಹಂಚಿಕೊಂಡು ಕೂತಿರುವುದಿಲ್ಲ. ಒಂದು ಬಾಟ್ಲಿಗೆ ಮೂರು ಬರಬಹುದು, ಇನ್ನೊಂದಕ್ಕೆ ಒಂದು, ಮತ್ತೊಂದಕ್ಕೆ ಏನೂ ಇಲ್ಲ. ಈ ಹೆಚ್ಚುಕಡಿಮೆಗೂ ಒಂದು ರೀತಿಯಿದೆ, ಅದನ್ನು ಪಾಯ್ಸಾನ್ ವಿತರಣೆ ಎನ್ನುತ್ತಾರೆ. ಬಾಟ್ಲಿಗೆ ಸರಾಸರಿ ಎರಡು ಹುಳ ಎಂದಿಟ್ಟುಕೊಳ್ಳಿ. ಒಂದು ಬಾಟ್ಲಿ ಖಾಲಿ ಬರುವ ಸಂಭವ ಸುಮಾರು ಏಳರಲ್ಲಿ ಒಂದು; ಮೂರೂ ಖಾಲಿ ಬರುವುದು ನಾನೂರರಲ್ಲಿ ಒಂದು. ಅಂಥದ್ದು ಬಂದಾಗ ಲೆಕ್ಕ ಬಲ್ಲವನು ನೀರನ್ನು ನಂಬುವ ಮೊದಲು ಬಾಟ್ಲಿಯ ಮೇಲೆ ಅನುಮಾನ ಪಡಬೇಕು. ಆಗ ಯಾರಾದರೂ ಒಬ್ಬ ಹುಡುಗ ಎದ್ದು, ಇನ್ನೂ ಹೆಚ್ಚು ಬಾಟ್ಲಿ ತುಂಬಬೇಕಾಗಿತ್ತಲ್ಲ ಎನ್ನುತ್ತಿದ್ದ. ಅಯ್ಯೋ ಶ್ಯಾಣ್ಯಾ, ನಮ್ಮ ಅತ್ತೆ ನೂರು ಬಾಟ್ಲಿ ತುಂಬಿದ್ದರೂ ನೂರನ್ನೂ ಸೋಸಿಯೇ ತುಂಬುತ್ತಿದ್ದಳು. ತಪ್ಪು ದಾರಿಯಲ್ಲಿ ತೆಗೆದ ಮಾದರಿ ದೊಡ್ಡದಾದಷ್ಟೂ ಸುಳ್ಳು ಗಟ್ಟಿಯಾಗುತ್ತದೆ, ಅಷ್ಟೇ. ಆ ಬಾಟ್ಲಿಗಳಲ್ಲಿ ಇದ್ದದ್ದು ಬಾವಿಯ ನೀರೇ ಅಲ್ಲ. ಅದು ಭೀಮವ್ವನ ಮನೆಯ ನೀರು.

ಆ ಮನೆಯ ನೀರು ಮಾಳಮ್ಮ ಕುಡಿದದ್ದು ರಾತ್ರಿ ಊಟದ ಹೊತ್ತಿಗೆ ಮಾತ್ರ. ಹಗಲೆಲ್ಲ ಹಿಂಡಿನ ಜೊತೆ ಇದ್ದು, ಬಿಸಿಲೇರಿದಾಗ ಬಾವಿಗಿಳಿದು ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಮರುವರ್ಷದ ಬೇಸಿಗೆಯಲ್ಲಿ ಅವಳ ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದಿತು. ಕಡ್ಡಿಗೆ ಸುತ್ತಿ ಎಳೆಯುತ್ತಿದ್ದವಳು ಅತ್ತೆಯೇ. ಹುಡುಗಿ ಒಂದು ದಿನ ಕುರಿಮರಿಯೊಂದು ತಪ್ಪಿಸಿಕೊಂಡಿತೆಂದು ಕಡ್ಡಿಯ ಸಮೇತ ಓಡಿಬಿಟ್ಟಳು. ಹುಳ ಒಳಗೇ ಹರಿಯಿತು. ಕಾಲು ತೊಡೆಯ ತನಕ ಬಾತು, ಧನುರ್ವಾಯುವಾಗಿ ದವಡೆ ಕಚ್ಚಿಕೊಂಡಿತು. ಎತ್ತಿನ ಬಂಡಿಯಲ್ಲಿ ಹಾಕಿಕೊಂಡು ಯಾದಗಿರಿ ದವಾಖಾನೆಗೆ ಹೊರಟರು. ಯಾದಗಿರಿ ಇನ್ನೂ ದೂರವಿರುವಾಗಲೇ ಅತ್ತೆ ಬಂಡಿ ತಿರುಗಿಸಲು ಹೇಳಿದಳು. ನಮ್ಮಪ್ಪ ಆ ಬಂಡಿ ಹೊಡೆದವನು. ಸಾಯುವ ತನಕ ಆ ದಾರಿಯ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಚೀಟಿಯಲ್ಲಿ ಬಂದ ಸುತ್ತಲಿನ ಊರುಗಳಲ್ಲೆಲ್ಲ ರೋಗ ಸಿಕ್ಕು ಇದೊಂದೇ ಊರು ಸ್ವಚ್ಛ ಎಂದು ಬಂದದ್ದನ್ನು ಕಚೇರಿಯ ಯಾರೋ ಹಿರಿಯರು ಪ್ರಶ್ನಿಸಿದರಂತೆ. ಮಾಳಮ್ಮ ಹೋದ ಮುಂದಿನ ವರ್ಷ ಖಾಜಾಹುಸೇನ ಮತ್ತೆ ಬಂದ. ಬಿಸಿಲಲ್ಲಿ ನಡೆದು ಬಂದವನು ಅತ್ತೆಯ ಮನೆಯ ಮುಂದಿನ ಕಟ್ಟೆ ಮೇಲೆ ಕೂತು ಕುಡಿಯಲು ನೀರು ಕೇಳಿದ. ಆಗಷ್ಟೇ ಬಾವಿಯಿಂದ ತಂದ ಕೊಡ ಅಂಗಳದಲ್ಲಿತ್ತು. ಅತ್ತೆ ತಂಬಿಗೆಯ ಬಾಯಿಗೆ ಧೋತರದ ತುಂಡು ಹಾಕಿ ಸುರಿಯತೊಡಗಿದಳು. ಅವನು ಬಟ್ಟೆಯನ್ನೇ ನೋಡುತ್ತ ಕೂತ. ನೀರು ಕುಡಿಯಲಿಲ್ಲ.

"ಅಮ್ಮಾ, ಅವತ್ತು ಬಾಟ್ಲಿ ತುಂಬುವಾಗೂ ಹಿಂಗ ಸೋಸಿದ್ರೇನು?"

"ಹೌದ್ರಿ ಸಾಹೇಬ್ರ. ಸರಕಾರಕ್ಕ ಕಳಸೋ ನೀರು ಹಂಗ ಹೊಲಸು ಹ್ಯಾಂಗ ಕೊಡ್ಲಿರಿ?"

ಅವನು ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಆ ಬಟ್ಟೆಯ ಮೇಲೆ ಓಡಾಡುತ್ತಿದ್ದ ಚುಕ್ಕೆಗಳನ್ನು ತೋರಿಸಿ, ಅವು ಏನೆಂದು, ಬಾಟ್ಲಿಯಲ್ಲಿ ಅವನ್ನೇ ಹುಡುಕಿದ್ದರೆಂದು ಎಲ್ಲ ಹೇಳಿದ. ತಪ್ಪು ನಿಮ್ಮದಲ್ಲ, ನಾನು ಇಳಿಯಬೇಕಿತ್ತು ಎಂದ.

"ಹಂಗಾರ ನನ್ನ ಮಗಳು ನನ್ನ ಕೈಯಿಂದನ ಹೋದ್ಳೇನ್ರಿ?" ಎಂದು ಅತ್ತೆ ಕೇಳಿದಳು.

ಖಾಜಾಹುಸೇನ ತಲೆ ಬಗ್ಗಿಸಿ ಅಳುತ್ತ ಕೂತ ಎಂದು ಬಾಲಪ್ಪ ಮಾವ ಹೇಳುತ್ತಿದ್ದ. ಅತ್ತೆ ಅಳಲಿಲ್ಲ. ಅವಳೇ ಎದ್ದು ಬಾವಿಗೆ ಹೋಗಿ, ಹೆಂಗಸರನ್ನೆಲ್ಲ ಮೇಲೆ ಕರೆದು, ಸಾಹೇಬರು ಇಳಿಯಬೇಕಾಗಿದೆ ಎಂದಳು. ಅವನು ಚಪ್ಪಲಿ ಬಿಟ್ಟು ಇಳಿದು ಬಾಟ್ಲಿ ಮುಳುಗಿಸುವಾಗ ಅವಳು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದಳು. ಆ ಪಾಚಿ ನೀರು ಬಾಟ್ಲಿಯೊಳಗೆ ಹೋಗುವುದನ್ನು ನೋಡಲಾರದೆ ಧೋತರದ ತುಂಡನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳಂತೆ.

ಈ ಸಲ ಮೂರರಲ್ಲಿ ಎರಡು ಬಾಟ್ಲಿಯಲ್ಲಿ ರೋಗದ ಹುಳ ಸಿಕ್ಕಿತು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಊರಿಗೆ ಸೇದುವ ಬಾವಿ ಬಂತು. ಗಡಗಡಿಯ ಮೇಲೆ ಮೊದಲ ಹಗ್ಗ ಬಿಡಲು ಭೀಮವ್ವನನ್ನೇ ಕರೆದರು. ಅವಳು ಹೋಗಲಿಲ್ಲ. ಮರುದಿನ ಎಲ್ಲರ ಹಾಗೆ ಕೊಡ ಹಿಡಿದು ಹೋದಳು.

ನಾನು ಎಂ.ಎಸ್ಸಿ. ಮುಗಿಸಿ, ಕೊಂಬು ಬಂದವಳಂತೆ ಆ ಊರಿಗೆ ಹೋದಾಗ ಅತ್ತೆಗೆ ಕಣ್ಣು ಮಂಜಾಗಿತ್ತು. ನೀರು ಕುಡಿದು ಸುಮಾರು ಒಂದು ವರ್ಷದ ಮೇಲೆ ಆ ಹುಳ ಹೊರಬರುತ್ತದೆ, ಮಾಳಮ್ಮ ಆ ಕೆಟ್ಟ ನೀರನ್ನು ಯಾವ ದಿನ ಕುಡಿದಳೋ, ನೀನು ಬಾಟ್ಲಿ ತುಂಬುವ ಮೊದಲೇ ಕುಡಿದಿರಲೂಬಹುದು, ಅದನ್ನು ಯಾವ ಲೆಕ್ಕವೂ ಹೇಳಲಾರದು ಎಂದು ವಿವರಿಸಿದೆ. ಅವಳ ಎದೆಯ ಭಾರ ಕಡಿಮೆಯಾಗಲಿ ಎಂದು ಹೇಳಿದ್ದೆ, ಅದು ನಿಜವೂ ಆಗಿತ್ತು. ಅತ್ತೆ ಹೂಂ ಎಂದಳು, ಅಷ್ಟೇ. ಆಮೇಲೆ ಎದ್ದು, ತಡವರಿಸುತ್ತ, ತಂಬಿಗೆಯ ಬಾಯಿಗೆ ಬಟ್ಟೆ ಹಾಕಿ ನನಗಾಗಿ ನೀರು ಸೋಸತೊಡಗಿದಳು. ಧೋತರ ಸವೆದು ಹೋಗಿ ಅದೆಷ್ಟನೆಯ ಬಟ್ಟೆಯೋ ಅದು.

"ಈ ಬಾವ್ಯಾಗ ಏನೂ ಇಲ್ಲ ಅತ್ತಿ, ಎಷ್ಟೋ ಸಲ ನೋಡ್ಯಾರ" ಎಂದೆ.

ಅತ್ತೆ ಸುರಿಯುವುದನ್ನು ನಿಲ್ಲಿಸಲಿಲ್ಲ.

"ಇಲ್ಲ ಅಂತ ಹಿಂದಕ್ಕೂ ಒಂದ್ ಸಲ ಬರ್ದಿದ್ರವ್ವಾ" ಎಂದಳು.