ಎರಡು ಅಕ್ಷರದ ನಾಳೆ

ನನ್ನ ಮೊಮ್ಮಗಳು ಬರೆದ ಕಥೆ ಅವಳ ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅಚ್ಚಾಗಿ ಬಂತು. ಅಂದು ಕಿತ್ತೂರಿನ ನಮ್ಮ ಓಣಿಯಲ್ಲಿ ನಾನು ಆ ಪುಸ್ತಕ ತೋರಿಸದೆ ಬಿಟ್ಟ ಮನೆಯಿಲ್ಲ. ಹಾಲು ಹಾಕುವವಳನ್ನೂ ನಿಲ್ಲಿಸಿ ಎರಡು ಪುಟ ಓದಿದೆ. ಹಾಲು ಕೆಡುತ್ತದೆ ಎಂದಳು ಆಕೆ, ಕೆಡಲಿ ಬಿಡು ಎಂದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅಷ್ಟರ ಮೇಲೆಯೇ ಆ ಕಥೆ ಓದಿದೆ, ಇದನ್ನೂ ಬರೆಯುತ್ತಿದ್ದೇನೆ. ಓದುತ್ತ ಓದುತ್ತ ಅಳು ಬಂತು. ಅಷ್ಟೂ ಸಂತೋಷದ ಅಳು ಎಂದರೆ ಸುಳ್ಳಾಗುತ್ತದೆ.

ಕಥೆ ಒಬ್ಬ ರಾಜಕುಮಾರಿಯದು, ಅವಳ ತಮ್ಮನದು. ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಒಂದು ತೂತು. ಪಾಠ ತಪ್ಪಿಸಿ ಆಡಬೇಕೆಂದು ರಾಜಕುಮಾರಿ ಅದಕ್ಕೆ ಬಾಯಿಟ್ಟು "ಇವತ್ತೊಂದಿನ" ಎಂದು ಬೇಡಿಕೊಳ್ಳುತ್ತಾಳೆ. ತೂತು ಆ ಮಾತನ್ನು ಹಾಗೇ ಹಿಡಿದುಬಿಡುತ್ತದೆ. ಮುಂದೆ ಎಷ್ಟು ಸಲ ಬೆಳಗಾದರೂ ಅದೇ ದಿನ. ಅದೇ ಕಾಗೆ ಅದೇ ಬುರುಜಿನ ಮೇಲೆ ಕೂಗುತ್ತದೆ, ಅದೇ ರೊಟ್ಟಿ ಅದೇ ಅಂಚಿಗೆ ಸೀಯುತ್ತದೆ, ತಮ್ಮನ ಅಲುಗಾಡುವ ಹಲ್ಲು ಬೀಳುವುದೇ ಇಲ್ಲ. ಆನೆ ಹತ್ತಿ ಊರ ಅಗಸಿ ಬಾಗಿಲು ದಾಟುತ್ತಾರೆ, ಹದ್ದಿನ ಕಾಲು ಹಿಡಿದು ಹಾರುತ್ತಾರೆ. ಎದ್ದು ನೋಡಿದರೆ ಮತ್ತೆ ಅದೇ ಹಾಸಿಗೆ.

ಇಷ್ಟನ್ನು ಮೊಮ್ಮಗಳಿಗೆ ಹೇಳಿದವಳು ನಾನೇ. ಕೊನೆಯನ್ನು ಮಾತ್ರ ಎಂದೂ ಹೇಳಿರಲಿಲ್ಲ. ಮುಂದೇನಾಯಿತು ಎಂದು ಕೇಳಿದಾಗೆಲ್ಲ ಉಂಡು ಮಲಗು ಎನ್ನುತ್ತಿದ್ದೆ. ಆ ರಾಜಕುಮಾರಿ ನಾನೇ ಆಗಿದ್ದೆ. ಕೊನೆ ನನಗೆಲ್ಲಿ ಗೊತ್ತಿತ್ತು?

ನನ್ನ ತಮ್ಮ ಆಗ ಒಂದನೆಯ ಇಯತ್ತೆ. ಬೆಳಗಾದರೆ ಅವ್ವ ಕಸ ತೆಗೆಯಲು ಹೊಲಕ್ಕೆ ಹೋಗುತ್ತಿದ್ದಳು. ಒಂದು ದಿನ ನಾನು ಅವನ ಕೈ ಹಿಡಿದು ಶಾಲೆಗೆಂದು ಹೊರಟು ಕೋಟೆಯ ಕಡೆ ತಿರುಗಿದೆ. ಇವತ್ತೊಂದಿನ ಎಂದೆ. ಮುರಿದ ಅರಮನೆಯಲ್ಲಿ ನಾನು ರಾಣಿ, ಅವನು ರಾಜ. ಬರೆಯುವ ಪಾಟಿಯೇ ಅವನ ಗುರಾಣಿ. ಮರುದಿನ ಮಾಸ್ತರರ ಬಡಿಗೆಗೆ ಹೆದರಿ ಮತ್ತೆ ಇವತ್ತೊಂದಿನ. ಹೀಗೆ ಎಂಟು ಹತ್ತು ದಿನ ನಡೆಯಿತು. ಮನೆಗೆ ಬರುವಾಗ ದಿನಾ ಅವನದೊಂದೇ ಮಾತು: "ಅಕ್ಕಾ, ನಾಳಿ ಸಾಲಿಗಿ ಹೋಗೂಣೇನು?"

ಮಾಸ್ತರರು ಹೇಳಿಕಳಿಸಿದಾಗ ಅವ್ವ ಊದುಗೊಳವೆ ಹಿಡಿದು ಎದ್ದಳು. ತಮ್ಮ ಮಲಗಿಬಿಟ್ಟಿದ್ದ. ನಾನು ಅಂದೆ, "ಇಂವಾ ಸಾಲಿ ಒಲ್ಲೆ ಅಂತ ಅಳತಾನಬೇ."

ಒಲ್ಲದವನನ್ನು ಎಳೆದಾಡುವುದೇಕೆ ಎಂದು ಅವ್ವ ಮರುದಿನ ಅವನ ಕೈಗೆ ಎಮ್ಮೆಯ ಹಗ್ಗ ಕೊಟ್ಟಳು. ಅವನು ಅತ್ತ. ಅಳುವುದನ್ನು ನೋಡಿ ಅವ್ವನಿಗೆ ನನ್ನ ಮಾತು ಖರೆ ಅನ್ನಿಸಿತು. ನಾನು ಪಾಟಿ ತೆಗೆದುಕೊಂಡು ಶಾಲೆಗೆ ಹೋದೆ.

ಯರಗಟ್ಟಿಯ ಪೇಟೆಯಲ್ಲಿ ಚೀಲ ಹೊತ್ತೇ ಅವನ ಬೆನ್ನು ಬಾಗಿತು. ನನ್ನ ಮಗಳ ಮದುವೆಯ ದಿನ ಬಸ್ಸಿನ ಬೋರ್ಡು ಓದಲಾರದೆ ಕಿತ್ತೂರಿನದು ಬಿಟ್ಟು ರಾಮದುರ್ಗದ ಬಸ್ಸು ಹತ್ತಿದ. ಸೋದರಮಾವನೇ ಅಕ್ಕಿಕಾಳು ಬಿದ್ದ ಮೇಲೆ ಬಂದ. ಹಂದರದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಪುಸ್ತಕ ಹಿಡಿದು, ಮೊಮ್ಮಗಳನ್ನು ಕರೆದುಕೊಂಡು ಯರಗಟ್ಟಿಗೆ ತಮ್ಮನ ಮನೆಗೆ ಹೋದೆ. ಈ ಸಲ ಹೇಳಿಯೇ ಬಿಡಬೇಕೆಂದು ಬೈಲಹೊಂಗಲದವರೆಗೂ ಗಟ್ಟಿಯಾಗಿದ್ದೆ. ಅಲ್ಲಿಂದ ಮುಂದೆ, ಇವತ್ತೊಂದಿನ ಬೇಡ ಅನ್ನತೊಡಗಿತು ಮನಸ್ಸು.

ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳು ಓದಿದಳು. ಕೊನೆ ಅವಳೇ ಕಟ್ಟಿದ್ದು. ದೆವ್ವ ಒಳಗೆ ಬಾರದಿರಲೆಂದು ಅರಮನೆಯ ಬಾಗಿಲಿಗೆ 'ನಾಳೆ ಬಾ' ಎಂದು ಬರೆದಿರುತ್ತದೆ. ಪುಟ್ಟ ರಾಜಕುಮಾರ ಅಕ್ಷರ ಕೂಡಿಸಿ ಅದನ್ನು ಓದುತ್ತಾನೆ. ನಾಳೆಯನ್ನೇ ಕರೆಯುವ ಮಂತ್ರವೆಂದು ತಿಳಿದು ತೂತಿನೊಳಗೆ ಕೂಗುತ್ತಾನೆ. ನಾಳೆ ಬರುತ್ತದೆ. ಹಲ್ಲು ಬೀಳುತ್ತದೆ.

ತಮ್ಮ ತೊಡೆ ತಟ್ಟಿಕೊಂಡು ನಕ್ಕ. "ಓದಾಕ ಬರತಿತ್ತು, ಪಾರಾದ ನೋಡು ಹುಡುಗ. ನಾ ಆಗಿದ್ರ ಅಲ್ಲೇ ಕುಂದರತಿದ್ದೆ. ನಾನೇ ಸಾಲಿ ಒಲ್ಲೆ ಅಂದಾಂವ. ಅವ್ವ ಸಾಯೂತನಾ ಬೈತಿದ್ಲು."

ಅವನೂ ಅದನ್ನು ನಂಬಿದ್ದ. ಇಷ್ಟು ವರ್ಷ ತನ್ನನ್ನೇ ಬೈದುಕೊಂಡಿದ್ದ.

"ನೀ ಅಂದಿಲ್ಲೋ ತಮ್ಮಾ," ಎಂದೆ. "ನಾ ಅಂದೆ. ನೀ ದಿನಾ ನಾಳಿ ಹೋಗೂಣು ಅಂತಿದ್ದಿ."

ಅವನು ನನ್ನ ಕಡೆ ನೋಡಲಿಲ್ಲ. ಎಲೆಅಡಿಕೆಯ ಚಂಚಿ ಬಿಚ್ಚಿದ, ಏನೂ ತೆಗೆಯದೆ ಮತ್ತೆ ಕಟ್ಟಿದ. ಆಮೇಲೆ ಪುಸ್ತಕಕ್ಕೆ ಕೈ ಚಾಚಿದ.

"ಆ ಹುಡುಗ ಕೂಗಿದ್ದು ಎಲ್ಲಿ ಬರದೈತಿ, ತೋರಸವಾ."

ಮೊಮ್ಮಗಳು ಅವನ ದಪ್ಪ ತೋರುಬೆರಳು ಹಿಡಿದು 'ನಾಳೆ'ಯ ಮೇಲೆ ಇಟ್ಟಳು.

"ಎರಡ ಅಕ್ಷರೇನು?"

"ಹೂಂ ಅಜ್ಜಾ, ಎರಡ."

ಅವನು ಬೆರಳನ್ನು ಒಂದರಿಂದ ಇನ್ನೊಂದಕ್ಕೆ ಸರಿಸಿದ, ಮತ್ತೆ ಮೊದಲನೆಯದಕ್ಕೆ ತಂದ.

"ಇಷ್ಟೇ ಇತ್ತೇನಕ್ಕಾ," ಎಂದ.